ಕೆಂಪು ಬೆನ್ನಿನ ಕಾರ್ಡುಗಳು

ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದಾಗ ಮೊದಲು ಬಂದದ್ದು ವಾಸನೆ. ಅಟ್ಟದ ಹೊಗೆ, ಒಣಗಿದ ಮಟ್ಟೆ, ಸ್ವಲ್ಪ ಮುಗ್ಗಲು ಹಿಡಿದ ಕೊಬ್ಬರಿ, ಮೂರೂ ಸೇರಿದ ವಾಸನೆ. ಒಳಗಿದ್ದ ಕಾರ್ಡುಗಳ ಕಡೆ ಕಣ್ಣು ಹೋದದ್ದು ಆಮೇಲೆ.

ಡಬ್ಬಿ ಸವಿತಳದು. ಕೆಲಸದ ಮೇಲೆ ತಿಪಟೂರಿಗೆ ಹೋಗಿದ್ದ ನಾನು ಒಂದು ಮಧ್ಯಾಹ್ನ ಬಿಡುವು ಸಿಕ್ಕಿತೆಂದು ದಂಡಿನಶಿವರದ ಕಡೆಯ ಬಸ್ಸು ಹತ್ತಿ ಅವಳ ಮನೆಗೆ ಹೋಗಿದ್ದೆ. ನಾನು ಪಾಠ ಹೇಳಿದಾಗ ಅವಳು ಹತ್ತನೇ ಕ್ಲಾಸು. ಈಗ ಅಪ್ಪನ ಜೊತೆ ಕೊಬ್ಬರಿ ಸುಲಿಸುವ ಶೆಡ್ಡು ನಡೆಸುತ್ತಾಳೆ. ಹೆಂಗಸರಿಗೆ ಕೂಲಿ ಹಂಚುವುದು, ಲಾರಿಯವರ ಜೊತೆ ಜಗಳವಾಡುವುದು ಎಲ್ಲ ಅವಳೇ. ‘ಮೇಡಂ, ನಿಮಗೊಂದು ತೋರಿಸ್ಬೇಕು’ ಎಂದು ಒಳಗೆ ಹೋಗಿ ಡಬ್ಬಿ ತಂದಳು.

ಆ ವರ್ಷದ ಬಗ್ಗೆ ನನಗೆ ಬೇಕಾದಷ್ಟು ನೆನಪಿದೆ ಎಂದು ಅಲ್ಲಿಯವರೆಗೆ ತಿಳಿದುಕೊಂಡಿದ್ದೆ. ಹಲವರಿಗೆ ಹೇಳಿದ್ದೇನೆ ಕೂಡ. ಹೇಳಿ ಹೇಳಿ ಕಥೆಗೆ ಒಂದು ಆಕಾರ ಬಂದಿದೆ. ಅದೇ ನನಗೆ ಅನುಮಾನ. ಆಗ ಬರೆದ ದಿನಚರಿ ಇದೆ, ಆದರೆ ಅದರಿಂದ ಹೆಚ್ಚು ನೆರವಿಲ್ಲ. ‘ಗಾಳಿ. ಕಾರ್ಡು ಕತ್ತರಿಸಿದೆವು. ತಲೆನೋವು’ ಎಂಬಂಥ ಸಾಲುಗಳು. ಯಾರು ಏನು ಮಾತಾಡಿದರು ಎಂಬುದು ಅದರಲ್ಲಿಲ್ಲ. ಹಾಗಾಗಿ ಇಲ್ಲಿ ಬರುವ ಮಾತುಗಳನ್ನು ನನ್ನ ಕಿವಿ ಇಷ್ಟು ವರ್ಷ ಇಟ್ಟುಕೊಂಡ ರೂಪದಲ್ಲೇ ಬರೆಯುತ್ತಿದ್ದೇನೆ.

ಚರಿತ್ರೆಯಲ್ಲಿ ಎಂ.ಎ. ಮುಗಿಸಿ, ಮುಂದೇನು ಎಂದು ಗೊತ್ತಾಗದೆ ಇದ್ದಾಗ ತುರುವೇಕೆರೆ ತಾಲ್ಲೂಕಿನ ಆ ಹಳ್ಳಿಯ ಹೈಸ್ಕೂಲಿನಲ್ಲಿ ಒಂದು ವರ್ಷದ ತಾತ್ಕಾಲಿಕ ಕೆಲಸ ಸಿಕ್ಕಿತು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಊರಿನ ಹೆಸರು ಬರೆಯುವುದಿಲ್ಲ. ತುರುವೇಕೆರೆಯಲ್ಲಿ ರೂಮು ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ದಾರಿಯ ಎರಡೂ ಬದಿಗೆ ತೆಂಗು. ಆ ವರ್ಷ ನುಸಿ ರೋಗ ಜೋರಾಗಿತ್ತು. ಕಣ್ಣಿಗೆ ಕಾಣದ ಹುಳು ಎಳೆಗಾಯಿಯ ತೊಟ್ಟಿನಡಿ ಸೇರಿ ರಸ ಹೀರುತ್ತದೆ; ಕಾಯಿ ಬಲಿಯುವಾಗ ಮೈಮೇಲೆ ಕಂದು ಬಣ್ಣದ ಗಾಯ, ಬಿರುಕು, ಸೊಟ್ಟ ಮೂತಿ. ಬಸ್ಸಿನಲ್ಲಿ ಗಂಡಸರು ಬೇರೆ ಏನನ್ನೂ ಮಾತಾಡುತ್ತಿರಲಿಲ್ಲ. ತೋಟದಲ್ಲಿ ಕೆಲಸ ಕಡಿಮೆಯಾದಂತೆ ಪಂಪ್‌ಸೆಟ್ ಮನೆಗಳ ನೆರಳಿನಲ್ಲಿ ಇಸ್ಪೀಟು ಹೆಚ್ಚಾಗಿತ್ತು.

ಮಕ್ಕಳಿಗೆ ಪಠ್ಯದ ಚರಿತ್ರೆ ಎಲ್ಲೋ ದೂರದ್ದು. ದೆಹಲಿ ಸುಲ್ತಾನರ ಪಟ್ಟಿ ಒಪ್ಪಿಸುತ್ತಿದ್ದರು, ಆದರೆ ತುರುವೇಕೆರೆ ಗುಡಿಯ ಎದುರು ಕೂತ ಕರಿಕಲ್ಲಿನ ನುಣುಪು ಬಸವ ಯಾವ ಕಾಲದ್ದು ಎಂದರೆ ‘ಹಳೇದು ಮಿಸ್’ ಎನ್ನುತ್ತಿದ್ದರು. ಅದಕ್ಕೆ ಒಂದು ಆಟ ಮಾಡಿದೆ. ಒಂದೊಂದು ಊರಿಗೆ ನಾಲ್ಕು ಕಾರ್ಡು: ಜಾಗ, ಜನ, ಕಲ್ಲು, ಬೆಳೆ. ಅರಳಗುಪ್ಪೆಯ ಕಲ್ಲು ಎಂದರೆ ಅಲ್ಲಿನ ಗುಡಿಯ ಚಾವಣಿ. ಚಿಕ್ಕನಾಯಕನಹಳ್ಳಿಯ ಜನ ಎಂದರೆ ಹಾಗಲವಾಡಿಯ ಪಾಳೆಯಗಾರರು. ತಿಪಟೂರಿನ ಬೆಳೆ ಎಂದರೆ ಹೇಳಬೇಕಾಗಿಲ್ಲ. ಕೈಯಲ್ಲಿರುವ ಕಾರ್ಡು ಮುಚ್ಚಿಟ್ಟುಕೊಂಡು, ಇನ್ನೊಬ್ಬರ ಹತ್ತಿರ ತನಗೆ ಬೇಕಾದ್ದನ್ನು ಹೆಸರಿಟ್ಟು ಕೇಳಬೇಕು. ಇದ್ದರೆ ಅವರು ಕೊಡಲೇಬೇಕು. ನಾಲ್ಕೂ ಸೇರಿದ ಮೇಲೆ ಆ ಊರಿನ ಬಗ್ಗೆ ನಾಲ್ಕು ಮಾತು ಹೇಳಿ ಕೆಳಗಿಡಬೇಕು. ಪ್ರತಿ ಕಟ್ಟಿನಲ್ಲೂ ಒಂದು ಖಾಲಿ ಕಾರ್ಡು. ಅದರಲ್ಲಿ ತಮ್ಮ ಮನೆಯದೋ ಊರಿನದೋ ಒಂದು ಸಂಗತಿಯನ್ನು ಮಕ್ಕಳೇ ಬರೆಯಬೇಕು.

ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯನ್ನು ಸೇರಿಸುವುದೋ ಬೇಡವೋ ಎಂದು ನನಗೆ ಗೊಂದಲವಿತ್ತು. ‘ನಮ್ಮ ದೊಡ್ಡಪ್ಪ ಅಲ್ಲಿ ಕೆಲಸ ಮಾಡಿ ರಿಟೈರಾದ್ರು ಮಿಸ್, ಇನ್ನೆಷ್ಟು ಹಳೇದಾಗ್ಬೇಕು?’ ಎಂದು ಒಬ್ಬಳು ಕೇಳಿದ ಮೇಲೆ ಸೇರಿಸಿದೆ. ಕೇಳಿದವಳು ಸವಿತ ಎಂದು ನನ್ನ ನೆನಪು. ತನಗೆ ಅಂಥ ದೊಡ್ಡಪ್ಪನೇ ಇಲ್ಲ ಎಂದು ಮೊನ್ನೆ ನಕ್ಕಳು.

ಕಾರ್ಡು ಮಾಡಿಕೊಟ್ಟವನು ಅನ್ವರ್. ತುರುವೇಕೆರೆ ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ಅವನ ಅಂಗಡಿ. ಮುಂದಿನ ಅರ್ಧದಲ್ಲಿ ಅವನ ತಂದೆ ಖಾದರ್ ಸಾಬರ ಹೊಲಿಗೆ ಮೆಷಿನ್ನು, ಪರದೆಯ ಹಿಂದಿನ ಅರ್ಧದಲ್ಲಿ ಅನ್ವರನ ಕಂಪ್ಯೂಟರು, ಜೆರಾಕ್ಸು, ಮದುವೆ ಕಾರ್ಡಿನ ಸ್ಕ್ರೀನ್ ಪ್ರಿಂಟಿಂಗು. ನನ್ನ ಲೆಕ್ಕಾಚಾರ ಸರಳವಾಗಿತ್ತು. ಎಲ್ಲ ಕಾರ್ಡುಗಳೂ ಮಾಮೂಲಿ ಹಾಳೆಯ ಅಳತೆಯಲ್ಲಿ ಸಾಲಾಗಿ ಕೂರಬೇಕು. ಬೇರೆ ಶಾಲೆಯವರಿಗೆ ಬೇಕಾದರೆ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಕತ್ತರಿಸಿಕೊಂಡರೆ ಆಯಿತು. ಅನ್ವರ್ ಅಕ್ಷರ ಕೂರಿಸಿದ, ಬಸವನ ಚಿತ್ರ ಬರೆಸಿದ, ಹಾಳೆಗಳನ್ನು ಫ್ಲಾಪಿಯಲ್ಲಿ ಹಾಕಿಕೊಟ್ಟ.

ಒಂದು ಶನಿವಾರ ಹೋದಾಗ ಮೊದಲ ಕಟ್ಟು ಸಿದ್ಧವಾಗಿತ್ತು. ಮುಂದೆ ನಾನು ಬರೆದ ಚರಿತ್ರೆ. ಹಿಂದೆ, ಕೆಂಪು ಬಣ್ಣದಲ್ಲಿ, ಒತ್ತೊತ್ತಾಗಿ ಹೆಣೆದ ಅಡ್ಡಗೆರೆಗಳು. ಥೇಟ್ ಇಸ್ಪೀಟ್ ಎಲೆಯ ಬೆನ್ನು.

‘ಇದೇನು ಅನ್ವರ್?’

‘ಹಿಂದ್ಗಡೆ ಬಿಳೀ ಬುಟ್ರೆ ಆಟ ಕೆಡುತ್ತೆ ಮೇಡಂ. ಕಾಗದ ತೆಳು. ಬೆಳಕಿಗೆ ಹಿಡಿದ್ರೆ ಈ ಕಡೆಯಿಂದ್ಲೇ ಹೊಯ್ಸಳರು ಕಾಣ್ತಾರೆ. ಹುಡುಗ್ರು ಬುಡ್ತಾರಾ?’

‘ಈ ಡಿಸೈನು?’

‘ಗೆಳೆಯನ ಹತ್ರ ಒಂದು ಎಲೆ ಇಸ್ಕೊಂಡು ಸ್ಕ್ಯಾನ್ ಮಾಡ್ದೆ. ಮದುವೆ ಕಾರ್ಡಿನ ಕೆಂಪು ಉಳಿದಿತ್ತು.’

ಪರದೆಯ ಆಚೆಯಿಂದ ಖಾದರ್ ಸಾಬರು, ಮೆಷಿನ್ ನಿಲ್ಲಿಸದೆ, ‘ಕಾರ್ಡ್ ಅಂದ್ಮೇಲೆ ಕಾರ್ಡ್ ಥರಾನೇ ಇರ್ಬೇಕಲ್ಲ ಬೇಟಿ’ ಎಂದರು.

ಅನ್ವರನ ಮಾತು ಸರಿಯಾಗಿಯೇ ಇತ್ತು. ಬೆಳಕಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. ನಾನು ಮುಂಚೆಯೇ ಒಪ್ಪಿದ್ದೆನೆಂದು ಅವನು ಈಗಲೂ ಹೇಳುತ್ತಾನಂತೆ. ನನಗೆ ಹಾಗೆ ನೆನಪಿಲ್ಲ. ಇಬ್ಬರಲ್ಲಿ ಒಬ್ಬರದು ತಪ್ಪಿರಬೇಕು.

ತರಗತಿಯಲ್ಲಿ ಆಟ ಹತ್ತಿಕೊಂಡಿತು. ಪಠ್ಯದ ಶಿಸ್ತು ಉಳಿಯಲಿಲ್ಲ, ನಾನೂ ಉಳಿಸಲು ಹೋಗಲಿಲ್ಲ. ‘ದಯವಿಟ್ಟು ಅರಳಗುಪ್ಪೆಯ ಕಲ್ಲನ್ನು ಕೊಡು’ ಎಂದು ನಾನು ಕಲಿಸಿದ್ದು ಒಂದು ವಾರದಲ್ಲಿ ‘ಲೇ, ಕಲ್ಲೈತೇನ್ಲಾ? ಮಡಗು’ ಎಂದಾಯಿತು. ಸವಿತ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದಳು. ಯಾರ ಕೈಯಲ್ಲಿ ಏನಿದೆ ಎಂದು ಮುಖ ನೋಡಿಯೇ ಹೇಳುವಳು. ‘ಅಪ್ಪನ ಬುದ್ಧಿ ಬಂದೈತೆ ಮಿಸ್ ಅವಳಿಗೆ’ ಎಂದು ಯಾರೋ ಅಂದರು, ಉಳಿದವರು ನಕ್ಕರು, ಅವಳು ನಗಲಿಲ್ಲ. ಆಗ ನನಗೆ ಅರ್ಥವಾಗಿರಲಿಲ್ಲ.

ಕಟ್ಟುಗಳು ಮಕ್ಕಳ ಚೀಲದಲ್ಲಿ ಮನೆಗೆ ಹೋದವು. ಮನೆಯಲ್ಲಿ ಜನ ಮೊದಲು ಕಂಡದ್ದು ಬೆನ್ನು. ಬಸ್ಸಿಗೆ ಕಾಯುವಾಗ ಅರಳಿಕಟ್ಟೆಯ ಮೇಲಿನ ಗಂಡಸರು ನನ್ನನ್ನು ಕಂಡು ಸರಿದು ಕೂತರು.

‘ಮೇಡಂ, ನಮ್ಗೂ ಒಂದು ಕೈ ಹಾಕಿ.’

‘ಸುಮ್ಕಿರ್ಲಾ. ಅವರತ್ರ ಸೋತ್ರೆ ಪಾಳೆಗಾರ್ರ ಹೆಸ್ರೆಲ್ಲ ಹೇಳ್ಬೇಕಾಯ್ತದೆ. ಅದ್ಕಿಂತ ತೋಟ ಬರ್ಕೊಡೋದು ವಾಸಿ.’

ಊರಿನಲ್ಲಿ ನನ್ನ ಹೆಸರು ಇಸ್ಪೀಟ್ ಮೇಡಂ ಎಂದಾಯಿತು. ಹೆಡ್‌ಮಾಸ್ಟರು ಕರೆದು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ‘ನಿಮ್ಮ ಉದ್ದೇಶ ಒಳ್ಳೇದೇ ಮೇಡಂ. ಬೆನ್ನು ಮಾತ್ರ ಒಳ್ಳೇದಲ್ಲ. ಬಿಇಓ ಸಾಹೇಬ್ರು ಬಂದಾಗ ಬೀರುವಿನಲ್ಲಿಡಿ’ ಎಂದರು. ಅಷ್ಟಕ್ಕೇ ಮುಗಿಯಿತೆಂದುಕೊಂಡೆ.

ದಸರಾ ರಜೆ ಕಳೆದು ಶಾಲೆ ಶುರುವಾದಾಗ ಸವಿತ ಬರಲಿಲ್ಲ. ಒಂದು ವಾರ ನೋಡಿ, ಸಂಜೆ ಶಾಲೆ ಬಿಟ್ಟ ಮೇಲೆ ಕೆರೆ ಏರಿಯ ಆಚೆಗಿದ್ದ ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಅವಳ ತಾಯಿ ಗಂಗಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು.

‘ಬನ್ನಿ ಮೇಡಂ, ಕೂತ್ಕಳಿ. ಮಗಳ್ನ ಯಾಕೆ ಕಳ್ಸಿಲ್ಲ ಅಂತ ತಾನೆ? ಒಳೀಕ್ ಬಂದು ಮೇಲೆ ನೋಡಿ.’

ನಡುಮನೆಯಲ್ಲಿ ನಿಂತು ಮೇಲೆ ನೋಡಿದೆ. ತೊಲೆಗೆ ಬಡಿದ ಒಂದು ಕೊಕ್ಕೆ, ಅದರಲ್ಲಿ ತುಂಡು ಹಗ್ಗ. ಬೇರೆ ಏನೂ ಇರಲಿಲ್ಲ.

‘ಕಾಯಿ ಇಳೀತು’ ಎಂದರು ಗಂಗಮ್ಮ.

ಅದನ್ನು ಅವರು ಬಿಡಿಸಿ ಹೇಳಬೇಕಾಯಿತು. ಆ ಊರಿನಲ್ಲಿ ಕುಡಿತವನ್ನೋ ಇಸ್ಪೀಟನ್ನೋ ಬಿಡುವ ಗಂಡಸು ಕಾರ್ತೀಕದ ಒಂದು ಸೋಮವಾರ ಗುಡಿಯ ಮುಂದೆ ಹತ್ತು ಜನರ ಎದುರು ಕಾಯಿಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಾನೆ. ಕಾಯಿಯನ್ನು ಒಡೆಯುವುದಿಲ್ಲ. ಹಳದಿ ಬಟ್ಟೆಯಲ್ಲಿ ಕಟ್ಟಿ ಮನೆಯ ತೊಲೆಗೆ ನೇತುಹಾಕುತ್ತಾರೆ. ಅಟ್ಟದ ಮೇಲಿನ ಕಾಯಿಯ ಹಾಗೆಯೇ ಅದೂ ನಿಧಾನಕ್ಕೆ ಒಣಗುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ಹೊತ್ತಿಗೆ ಚಟವೂ ಇಂಗಿರುತ್ತದೆ ಎಂದು ನಂಬಿಕೆ. ಆಣೆ ತಪ್ಪಿದರೆ ತಾನೇ ಇಳಿಸಿ, ಗುಡಿಯ ಬಾವಿಗೆ ಹಾಕಬೇಕು. ಇಳಿಸಿದ್ದನ್ನು ಮತ್ತೆ ಕಟ್ಟುವಂತಿಲ್ಲ. ಹೊಸ ಕಾಯಿ, ಮತ್ತೆ ಹತ್ತು ಜನ, ಯಾಕೆ ಇಳಿಸಿದೆ ಎಂದು ಬಾಯಿಬಿಟ್ಟು ಹೇಳುವುದು. ಈ ಪದ್ಧತಿ ಬೇರೆ ಊರಿನಲ್ಲಿ ಇದೆಯೇ ಎಂದು ಆಮೇಲೆ ಹಲವರನ್ನು ಕೇಳಿದ್ದೇನೆ, ಗೊತ್ತು ಎಂದವರು ಸಿಕ್ಕಿಲ್ಲ. ಆದರೆ ಆ ಕೊಕ್ಕೆಯನ್ನು ನಾನು ನೋಡಿದ್ದೇನೆ.

ಸವಿತಳ ತಂದೆ ಸಿದ್ದಲಿಂಗಪ್ಪನವರು ಕೆಲವು ವರ್ಷಗಳ ಹಿಂದೆ ಇಸ್ಪೀಟಿನಲ್ಲಿ ಕೆರೆ ಕೆಳಗಿನ ತೋಟ ಕಳೆದುಕೊಂಡು ಆಣೆ ಮಾಡಿದ್ದರು. ಅಂದಿನಿಂದ ಆ ಮನೆಯ ಹೊಸಲಿನೊಳಗೆ ಎಲೆ ಬಂದಿರಲಿಲ್ಲ. ಸವಿತ ನನ್ನ ಕಟ್ಟನ್ನು ಅದಕ್ಕೇ ಅಟ್ಟದ ಮೇಲೆ, ಗೋಣಿಚೀಲದ ಅಡಿ ಬಚ್ಚಿಟ್ಟಿದ್ದಳು.

‘ಅಮ್ಮ, ಅದು ಇಸ್ಪೀಟಲ್ಲ. ಚರಿತ್ರೆ’ ಎಂದೆ.

‘ಯಾರ್ದು?’

‘ನಮ್ಮ ಸೀಮೇದು.’

‘ನಮ್ಮನೆ ಚರಿತ್ರೆ ನಂಗೊತ್ತು ಬುಡಿ.’

ಗಂಗಮ್ಮ ಕಾರ್ಡು ಕಂಡು ಗಂಡನ ಮೇಲೆ ಅನುಮಾನಪಟ್ಟು ಕಾಯಿ ಇಳಿಸಿದ್ದಾರೆ ಎಂದುಕೊಂಡೆ. ಹಾಗಿದ್ದರೆ ಕಾರ್ಡಿನ ಮುಂಭಾಗ ತೋರಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ. ಬ್ಯಾಗಿನಿಂದ ಒಂದು ಕಟ್ಟು ತೆಗೆಯಲು ಹೋದೆ. ಅಷ್ಟರಲ್ಲಿ ಸಿದ್ದಲಿಂಗಪ್ಪನವರು ಹಿತ್ತಿಲಿನಿಂದ ಬಂದರು. ಸಣಕಲು ಮೈ, ಉದ್ದ ಕೈಗಳು. ಬ್ಯಾಗಿನ ಬಾಯಲ್ಲಿ ಕೆಂಪು ಕಂಡಿರಬೇಕು, ಬಾಗಿಲಲ್ಲೇ ನಿಂತರು.

‘ಅವಳೇನೂ ಇಳ್ಸಿಲ್ಲ ಮೇಡಂ. ನಾನೇ ಇಳ್ಸಿದ್ದು. ಕಾಯಿ ತಿರುವಾಕಕ್ಕೆ ಅಟ್ಟ ಹತ್ತಿದ್ದೆ. ಚೀಲ ಎತ್ತುದ್ರೆ ಕೆಂಪು ಬೆನ್ನು ಕಾಣ್ತು. ನಾನು ಏನು ಎತ್ತ ಅನ್ನೋಕ್ ಮುಂಚೆ ಕೈ ಕಲಸಿಬುಟ್ಟಿತ್ತು. ಕಲಸಿ, ಕಟ್ ಮಾಡಿ, ಹಂಚೂ ಬುಟ್ಟಿದ್ದೆ. ಅಲ್ಲಿ ಯಾರವ್ರೆ? ಕಾಯಿಗಳಿಗೇ ಹಂಚಿದ್ದೆ. ನನ್ನ ಎಲೆ ಎತ್ತಿ ನೋಡುದ್ರೆ ಬಸವ.’

ನಗಬೇಕೋ ಬೇಡವೋ ತಿಳಿಯಲಿಲ್ಲ. ಗಂಗಮ್ಮ ನಗಲಿಲ್ಲ.

‘ಹಾಗಾದರೆ ನೀವು ಆಡಿದ್ದು ಇಸ್ಪೀಟಲ್ಲವಲ್ಲ. ಆಣೆ ಹೇಗೆ ತಪ್ಪುತ್ತದೆ?’

‘ನೀವು ಹಂಗಂತೀರ. ಆಣೆ ಮಾಡಿದ್ದು ಕೈಯಿಟ್ಟು. ಕೈಗೇನು ಗೊತ್ತು ಮುಂದ್ಗಡೆ ಏನೈತೆ ಅಂತ? ಅದು ಎಲೆ ಅಂತ್ಲೇ ಮುಟ್ತು.’

‘ಯಾರೂ ನೋಡಿರ್ಲಿಲ್ಲ ಮೇಡಂ’ ಎಂದರು ಗಂಗಮ್ಮ. ಸಿಟ್ಟೋ ಇನ್ನೇನೋ, ದನಿ ಎರಡೂ ಕಡೆ ಎಳೆಯುತ್ತಿತ್ತು. ‘ನಾನು ರಾಗಿ ಬೀಸ್ತಿದ್ದೆ. ಹೇಳ್ದೆ ಇದ್ರೆ ನಡ್ದೋಗಿರೋದು. ಈ ಮನುಷ್ಯ ಇಳ್ದು ಬಂದು ಹೇಳ್ದ. ಗಡಗಡ ಅನ್ನಕ್ ಶುರುವಾಗಿತ್ತು ಕಣ್ರೀ ಆ ಕಾಯಿ. ಈ ವರ್ಷವೇ ಅನ್ನಕ್ ಶುರುವಾಗಿತ್ತು.’

ಅಡುಗೆಮನೆಯ ಬಾಗಿಲಲ್ಲಿ ಸವಿತ ನಿಂತಿದ್ದಳು. ‘ಅಮ್ಮ, ಪರೀಕ್ಷೆ ಐತೆ.’

‘ಕಾಯಿ ಮೇಲಕ್ಕೋಗ್ಲಿ, ನೀನು ಆಚೀಕೋಗು. ಅದು ಹೋಗೋಗಂಟ ನೀನು ಹೊಸ್ಲು ದಾಟಂಗಿಲ್ಲ. ತಂದು ಮಡಗ್ದೋಳು ನೀನಲ್ವೇನೇ?’

ಕಾರ್ತೀಕಕ್ಕೆ ಹೆಚ್ಚು ದಿನ ಇರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಆಣೆಯ ಕಾಯಿಯ ಮೇಲೆ ಒಂದು ಗಾಯ, ಒಂದು ಕಲೆ ಇರಬಾರದು. ಸುಲಿದು ಜುಟ್ಟು ಬಿಟ್ಟ ಕಾಯಲ್ಲ, ಮಟ್ಟೆ ಸಮೇತ ಮರದಿಂದ ಇಳಿಸಿದ ಇಡೀ ಕಾಯಿ. ನುಸಿ ಬಿದ್ದ ಆ ವರ್ಷ ಅವರ ತೋಟದಲ್ಲಿ ಅಂಥದ್ದು ಒಂದೂ ಇರಲಿಲ್ಲ. ಪಕ್ಕದ ತೋಟದಲ್ಲೂ ಇರಲಿಲ್ಲ. ಸಿದ್ದಲಿಂಗಪ್ಪನವರು ಬಂಧುಗಳ ಊರುಗಳಿಗೆ ಹೋಗಿ ಬರಿಗೈಲಿ ಬಂದರು. ಸಿಗದಿದ್ದರೆ ಇನ್ನೊಂದು ಕಾರ್ತೀಕ ಕಾಯಬೇಕು. ಅಷ್ಟರಲ್ಲಿ ಸವಿತಳ ಪರೀಕ್ಷೆ ಮುಗಿದಿರುತ್ತದೆ. ಪರೀಕ್ಷೆ ಬರೆಯದ ಹುಡುಗಿಗೆ ಆ ಮನೆಯಲ್ಲಿ ಮುಂದೇನಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತುಮಕೂರಿನ ಕಡೆಯ ಒಂದು ಸಂಬಂಧದ ಮಾತು ಮಾತ್ರ ಕಿವಿಗೆ ಬಿತ್ತು.

ನಾನು ತರಗತಿಯಲ್ಲಿ ವಿಷಯ ಹೇಳಿದೆನೋ, ಅವರಿಗೇ ಗೊತ್ತಾಯಿತೋ. ಅಂತೂ ಮಕ್ಕಳು ಕಾಯಿ ಹುಡುಕತೊಡಗಿದರು. ಬೆಳಿಗ್ಗೆ ಬಂದವರೇ ಪಾಠದ ಚೀಲಕ್ಕಿಂತ ಮೊದಲು ಕಾಯಿ ತೆಗೆದು ನನ್ನ ಮೇಜಿನ ಮೇಲಿಡುವರು. ‘ಇದು ನೋಡಿ ಮಿಸ್, ಚಿನ್ನದಂಗೈತೆ.’ ಇನ್ನೊಬ್ಬ ತೊಟ್ಟು ಸರಿಸಿ ಬೆರಳಿಡುವನು. ‘ಇಲ್ಲೇನೈತೆ ಹಂಗಾದ್ರೆ, ನಿಮ್ಮಜ್ಜಿ ಕುಂಕುಮಾನಾ?’ ತೊಟ್ಟಿನ ಅಡಿ ಎಲ್ಲದರಲ್ಲೂ ಕಂದು ಗಾಯ. ಮೂಲೆಯಲ್ಲಿ ರಾಶಿ ಬೆಳೆಯಿತು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, ‘ಇದು ಯಾವ ಪಾಠ ಮೇಡಂ?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದರು. ಗಾಳಿ ಒಣಗಿತ್ತು. ಬಿಸಿಲಿಗೆ ಕಿಟಕಿಯಾಚೆಯ ಗರಿಗಳು ಕಾಗದದ ಹಾಗೆ ಸದ್ದು ಮಾಡುತ್ತಿದ್ದವು.

ಮುಂದಿನ ಹಾಳೆಗಳ ಬೆನ್ನು ಬದಲಾಯಿಸಲು ಹೇಳಬೇಕೆಂದು ಅನ್ವರನ ಅಂಗಡಿಗೆ ಹೋದೆ. ಕಾರಣ ಕೇಳಿದ, ಹೇಳಿದೆ. ಖಾದರ್ ಸಾಬರ ಮೆಷಿನ್ನು ನಿಂತಿತು.

‘ಹಿತ್ಲಾಗಿರೋದು ನೋಡು ಬೇಟಾ’ ಎಂದರು.

ಅಂಗಡಿಯ ಹಿಂದೆ ಅವರ ಮನೆಯ ಹಿತ್ತಿಲಲ್ಲಿ ಒಂದೇ ಒಂದು ತೆಂಗಿನ ಮರವಿತ್ತು. ತೋಟಗಳಿಂದ ದೂರ, ಗೋಡೆಗಳ ನಡುವೆ, ಪಾತ್ರೆ ತೊಳೆದ ನೀರು ಕುಡಿದು ಬೆಳೆದ ಮರ. ಅಲ್ಲಿಯವರೆಗೂ ನುಸಿ ಬಂದಿರಲಿಲ್ಲ, ಅಥವಾ ಬಂದು ದಾರಿ ಸಿಗದೆ ಹೋಗಿತ್ತು. ಅನ್ವರ್ ದೋಟಿ ಹಿಡಿದು ಒಂದು ಕಾಯಿ ಕೊಯ್ದ. ನೆಲಕ್ಕೆ ಬಿದ್ದರೆ ಗಾಯವಾಗುತ್ತದೆಂದು ಅವನ ತಾಯಿಯೂ ನಾನೂ ಹಳೆಯ ಕಂಬಳಿ ಹಿಡಿದು ನಿಂತಿದ್ದೆವು. ತೊಟ್ಟಿನ ಅಂಚು ಸರಿಸಿ ನೋಡಿದೆವು. ಹಸಿರು, ನುಣುಪು, ಒಂದು ಗೀರಿಲ್ಲ.

ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಗಂಗಮ್ಮ ಅದನ್ನು ಬೆಳಕಿಗೆ ತಂದು ಎಲ್ಲ ಕಡೆ ಸವರಿ, ಬೆರಳಲ್ಲಿ ತಟ್ಟಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ನೀರು ತುಳುಕಿತು.

‘ಯಾರ ಮನೇದು?’

‘ತುರುವೇಕೆರೆ ದರ್ಜಿ ಖಾದರ್ ಸಾಬರ ಹಿತ್ತಿಲದು.’

ಅವರು ಇನ್ನೊಮ್ಮೆ ಸವರಿದರು. ‘ಹೂಂ. ನೀರು ಚೆಂದಾಗಿ ಹಾಕವ್ರೆ.’

ಇನ್ನು ಆ ಸೋಮವಾರ. ಗುಡಿಯ ಮುಂದೆ, ಹೆಂಗಸರು ನಿಂತ ಕಡೆ ನಾನೂ ನಿಂತಿದ್ದೆ ಎಂಬುದು ನನ್ನ ನೆನಪು. ಹೊತ್ತು ಮುಳುಗುತ್ತಿತ್ತು, ಹುಡುಗರು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು, ಸಿದ್ದಲಿಂಗಪ್ಪನವರ ತೋಳಿನ ನರ ಎದ್ದು ಕಾಣುತ್ತಿತ್ತು. ದಿನಚರಿಯಲ್ಲಿ ಆ ದಿನದ ಕೆಳಗೆ ‘ಮೈಸೂರಿನಿಂದ ವಾಪಸ್. ಬಸ್ಸು ತಡ’ ಎಂದಿದೆ. ಎರಡೂ ನಿಜವಾಗುವುದು ಕಷ್ಟ. ಮಕ್ಕಳು ಮರುದಿನ ಹೇಳಿದ್ದನ್ನು ನಾನು ಕಣ್ಣಿನ ನೆನಪಾಗಿ ಮಾಡಿಕೊಂಡಿರಬಹುದು. ನಡೆದದ್ದು ಮಾತ್ರ ಹೀಗೆ ಎಂಬುದರಲ್ಲಿ ಅಲ್ಲಿದ್ದ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಕಾಯಿ ಯಾಕೆ ಇಳಿಸಿದೆ ಎಂದು ಹಿರಿಯರೊಬ್ಬರು ಪದ್ಧತಿಯಂತೆ ಕೇಳಿದರು.

‘ಎಲೆ ಮುಟ್ಟಿದೆ.’

‘ಯಾರ ಜೊತೆ ಆಡ್ದೆ?’

‘ಯಾರ ಜೊತೇನೂ ಇಲ್ಲ. ಅಟ್ಟದಾಗೆ, ಕಾಯಿಗಳ ಜೊತೆ.’

‘ಯಾವ ಆಟ?’

‘ಮಕ್ಕಳ್ದು. ಚರಿತ್ರೆ.’

ಹಿಂದೆ ನಿಂತವರು ಗೊಳ್ಳೆಂದರು. ‘ಯಾರು ಗೆದ್ರು ಸಿದ್ದಲಿಂಗಣ್ಣ, ಹೊಯ್ಸಳ್ರ?’ ‘ಎಷ್ಟು ಹೋಯ್ತು, ತುರುವೇಕೆರೆ ಪೂರ್ತಿ ಬುಟ್ಟುಕೊಟ್ಯಾ?’ ಅವರು ನಗುವವರ ಕಡೆ ತಿರುಗಲಿಲ್ಲ, ನಗು ಮುಗಿಯಲೆಂದು ಕಾದರು. ಅದು ಮುಗಿಯಲು ಸಾಕಷ್ಟು ಹೊತ್ತು ಹಿಡಿಯಿತಂತೆ. ನಕ್ಕವರಲ್ಲಿ ಪಂಪ್‌ಸೆಟ್ ಮನೆಯ ನೆರಳಿನವರೂ ಇದ್ದರು. ಆಮೇಲೆ ಕಾಯಿಯ ಮೇಲೆ ಎರಡೂ ಕೈಯಿಟ್ಟು, ‘ಎಲೆ ಅಂತ ಕೈಗೆ ಅನ್ನಿಸಿದ್ದು ಯಾವುದನ್ನೂ ಮುಟ್ಟಲ್ಲ’ ಎಂದರು. ಮೊದಲ ಸಲ ಬರೀ ‘ಎಲೆ ಮುಟ್ಟಲ್ಲ’ ಎಂದಿದ್ದರಂತೆ. ಈ ಸಲದ ಆಣೆ ಹೆಚ್ಚು ಬಿಗಿ.

ಮರುದಿನ ಸವಿತ ಶಾಲೆಗೆ ಬಂದಳು. ಪಕ್ಕದವಳು ಬೆಂಚಿನಲ್ಲಿ ಸರಿದು ಜಾಗ ಬಿಟ್ಟಳು. ಮಾರ್ಚಿನಲ್ಲಿ ಪರೀಕ್ಷೆ ಬರೆದಳು, ಪಾಸಾದಳು. ನನ್ನ ವರ್ಷ ಮುಗಿಯಿತು. ನಾನು ಮೈಸೂರಿಗೆ ಹೋದೆ. ಅನ್ವರನ ಫ್ಲಾಪಿ ಎಲ್ಲಿ ಹೋಯಿತೋ.

ಹೊರಡುವ ಮೊದಲು ನಡೆದ ಇನ್ನೊಂದು ಸಂಗತಿಯನ್ನು ನಾನು ಯಾವಾಗಲೂ ಕಥೆಯ ಕೊನೆಯಲ್ಲಿ ಹೇಳುತ್ತಿದ್ದೆ. ಶಾಲೆಯ ವರಾಂಡದಲ್ಲಿ ಮಕ್ಕಳೆಲ್ಲ ಕೂತು, ಹೆಡ್‌ಮಾಸ್ಟರು ಕೊಟ್ಟ ಕಂದು ಕಾಗದವನ್ನು ಕೆಂಪು ಬೆನ್ನುಗಳ ಮೇಲೆ ಅಂಟಿಸಿದೆವು. ಮೈದಾ ಅಂಟಿನ ಬಟ್ಟಲು ನನ್ನ ಕೈಯಲ್ಲಿತ್ತು. ಹೀಗೆ ಹೇಳುತ್ತಿದ್ದೆ.

ಮೊನ್ನೆ ಡಬ್ಬಿಯ ಕಾರ್ಡುಗಳನ್ನು ಚಾಪೆಯ ಮೇಲೆ ಹರಡಿದಾಗ ಬೆನ್ನಿಗಿದ್ದದ್ದು ಕಂದು ಕಾಗದವಲ್ಲ. ಬಿಳಿ ಕಾಗದ, ಅಲ್ಲಲ್ಲಿ ಜಿರಳೆ ತಿಂದಿತ್ತು. ಒಂದರ ಮೂಲೆ ಎದ್ದಿತ್ತು. ಒಳಮೈಯಲ್ಲಿ ದಪ್ಪ ಅಂಕಿ, ಅದರ ಕೆಳಗೆ ತಿಥಿ, ನಕ್ಷತ್ರ. ಮನೆಯ ಗೋಡೆಗೆ ನೇತುಹಾಕುವ ಕ್ಯಾಲೆಂಡರಿನ ಹಾಳೆ.

‘ಇದನ್ನು ಶಾಲೆಯಲ್ಲಿ ಅಂಟಿಸಿದ್ದಲ್ಲವೇ?’

‘ಇಲ್ಲ ಮೇಡಂ. ಅಪ್ಪ ಅಂಟಿಸಿದ್ದು. ಎಲ್ಲರ ಕಟ್ಟನ್ನೂ ಮನೆಗೆ ತರ್ಸಿಕೊಂಡ್ರು. ನಾನು ಒಂದೊಂದೇ ಎಲೆ ಮಕ ಮೇಲೆ ಮಾಡಿ ಕೊಡೋಳು. ಅಪ್ಪ ಕಾಗದಕ್ಕೆ ಅಂಟು ಸವರಿ, ಅದ್ರ ಮೇಲೆ ಎಲೆ ಮಡಗೋರು. ಬೆನ್ನು ಅವರಿಗೆ ಕಾಣ್ಲೇ ಇಲ್ಲ, ಕೈಗೆ ಎಲೆ ಅನ್ನಿಸ್ಲೂ ಇಲ್ಲ. ಮಡಗೋಕ್ ಮುಂಚೆ ಒಂದೊಂದನ್ನೂ ಗಟ್ಟಿಯಾಗಿ ಓದೋರು. ಹಾಗಲವಾಡಿಯೋರ್ದೆಲ್ಲ ಬಾಯಿಪಾಠ ಈಗ್ಲೂ.’

ನನ್ನ ಕೈಯಲ್ಲಿದ್ದ ಅಂಟಿನ ಬಟ್ಟಲು ಎಲ್ಲಿಂದ ಬಂತೋ ಗೊತ್ತಿಲ್ಲ.

‘ನೀವು ಇದನ್ನ ನೋಡ್ಲೇ ಇಲ್ಲ’ ಎಂದು ಸವಿತ ಒಂದು ಕಾರ್ಡು ಎತ್ತಿಕೊಟ್ಟಳು. ಖಾಲಿ ಬಿಟ್ಟು ಮಕ್ಕಳಿಗೆ ಕೊಟ್ಟಿದ್ದ ಕಾರ್ಡು. ಉಳಿದವರು ವೀರಗಲ್ಲು, ಕಲ್ಯಾಣಿ, ಗುಡಿಯ ಬಾವಿ ಎಂದೆಲ್ಲ ಬರೆದು ತೋರಿಸಿದ್ದು ನೆನಪಿದೆ. ಸವಿತ ತೋರಿಸಿದ್ದು ನೆನಪಿಲ್ಲ. ಪೆನ್ಸಿಲಿನಲ್ಲಿ ಒಂದು ತೊಲೆ, ಬಟ್ಟೆಯಲ್ಲಿ ಕಟ್ಟಿದ ಕಾಯಿ. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ: ‘ಆಣೆ ಕಾಯಿ. ಇದನ್ನು ನಮ್ಮ ತಂದೆಯವರಾದ ಸಿದ್ದಲಿಂಗಪ್ಪನವರು ಕಟ್ಟಿದರು.’ ಸಾಲು ಮುಗಿದ ಮೇಲೆ, ಶಾಯಿಯಲ್ಲಿ, ಒತ್ತಿ ಬರೆದ ಎರಡು ದೊಡ್ಡ ಪದ: ‘ಎರಡು ಸಲ.’

‘ಇದು ನಿನ್ನ ಅಕ್ಷರವಲ್ಲ.’

‘ಅಪ್ಪಂದು. ಇಷ್ಟೇ ಬರೆದ್ರೆ ಹೆಂಗೆ ಅಂದು ಪೆನ್ ಈಸ್ಕೊಂಡ್ರು.’

ಕಾರ್ಡನ್ನು ತಿರುಗಿಸಿದೆ. ಅದಕ್ಕೆ ಮಾತ್ರ ಕ್ಯಾಲೆಂಡರಿನ ಹಾಳೆ ಇರಲಿಲ್ಲ. ಅನ್ವರನ ಕೆಂಪು ಗೆರೆಗಳು ಮಾಸದೆ ಹಾಗೇ ಇದ್ದವು.

‘ಇದೊಂದನ್ನ ಬುಡು ಅಂದ್ರು’ ಎಂದಳು ಸವಿತ. ಯಾಕೆ ಎಂದು ಅವಳೂ ಕೇಳಿರಲಿಲ್ಲವಂತೆ.

ಗಂಗಮ್ಮ ಕಾಫಿ ತಂದರು. ಲೋಟ ತೆಗೆದುಕೊಳ್ಳಲು ಕಾರ್ಡನ್ನು ಚಾಪೆಯ ಮೇಲಿಟ್ಟೆ. ತಲೆಯ ಮೇಲೆ, ಅದೇ ಕೊಕ್ಕೆಯಲ್ಲಿ, ಹೊಗೆಗೆ ಕಪ್ಪಾದ ಗಂಟೊಂದು ತೂಗುತ್ತಿತ್ತು. ‘ಗಡಗಡ ಅಂತೈತೆ, ವರ್ಷಗಳೇ ಆಯ್ತು’ ಎಂದರು ಗಂಗಮ್ಮ, ನಾನು ನೋಡಿದ್ದನ್ನು ನೋಡಿ.

ಶೆಡ್ಡಿನ ಕಡೆಯಿಂದ ಸಿದ್ದಲಿಂಗಪ್ಪನವರು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ, ‘ಓಹೋ, ಮೇಡಮ್ಮೋರು!’ ಎಂದು ಒಳಗೆ ಕಾಲಿಟ್ಟವರು ಚಾಪೆಯ ಹತ್ತಿರ ನಿಂತರು. ಇನ್ನೊಂದು ಹೆಜ್ಜೆ ಇಡಲಿಲ್ಲ. ಕಾರ್ಡು ಬೆನ್ನು ಮೇಲಾಗಿ ಬಿದ್ದಿತ್ತು. ಅವರು ಎರಡೂ ಕೈಗಳನ್ನು ಟವೆಲಿನೊಳಗೆ ಸುತ್ತಿಕೊಂಡರು.

‘ಅದನ್ನ ಮಗ್ಚಿ ಮಡಗಿ ಮೇಡಂ’ ಎಂದರು.

ಮಗುಚಿಟ್ಟೆ. ಆಮೇಲೆ ಅವರು ಚಾಪೆಯ ಅಂಚಿನಲ್ಲಿ ಕೂತು, ಯಾವಾಗ ಬಂದಿರಿ ಎಂದು ಕೇಳಿದರು.